ಹೊರಮೈಯ ಸಾಕ್ಷಿ

ಕಾಣುವುದು ಬರೀ ತೋರಿಕೆ, ನಿಜವೆಲ್ಲ ಒಳಗಿದೆ ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ಪ್ರವಚನಗಳಲ್ಲಿ ಕೇಳಿದ್ದೇವೆ, ಮನೆಯ ಹಿರಿಯರು ಬುದ್ಧಿ ಹೇಳುವಾಗ ಕೇಳಿದ್ದೇವೆ. ಅಂತರಂಗಕ್ಕೆ ಕೊಟ್ಟ ಗೌರವವನ್ನು ಬಹಿರಂಗಕ್ಕೆ ನಾವು ಕೊಟ್ಟವರಲ್ಲ. ನ್ಯೂಟ್ರಾನ್ ನಕ್ಷತ್ರಗಳ ಬಗ್ಗೆ ಓದತೊಡಗಿದ ಮೇಲೆ ಈ ನಂಬಿಕೆ ಅರ್ಧ ಮಾತ್ರ ಸರಿ ಎಂದು ನನಗೆ ಅನ್ನಿಸತೊಡಗಿದೆ. ಒಳಗು ಇದೆ, ಅದರ ಗುಟ್ಟೂ ದೊಡ್ಡದು, ಒಪ್ಪಿದೆ. ಆದರೆ ಒಳಹೋಗುವ ಬಾಗಿಲೇ ಇಲ್ಲದ ಕಡೆ, ಹೊರಮೈಯನ್ನು ಬಿಟ್ಟರೆ ನಮಗೆ ಬೇರೆ ಸಾಕ್ಷಿ ಯಾವುದಿದೆ? ಹಲಸಿನ ಹಣ್ಣನ್ನು ಕೊಯ್ಯುವ ಮೊದಲೇ ಬೆರಳಿನಿಂದ ತಟ್ಟಿ, ಬರುವ ಸದ್ದಿನಿಂದಲೇ ಒಳಗಿನ ತೊಳೆ ಹಣ್ಣಾಗಿದೆಯೋ ಇಲ್ಲವೋ ಎಂದು ಹೇಳುವವರನ್ನು ಮಲೆನಾಡಿನಲ್ಲಿ ಯಾರಾದರೂ ನೋಡಿರಬಹುದು. ಮುಳ್ಳಿನ ಸಿಪ್ಪೆಯನ್ನು ಅವರು ತಿರಸ್ಕರಿಸುವುದಿಲ್ಲ. ಅದರ ಮೇಲೇ ಬೆರಳಿಡುತ್ತಾರೆ.

ನ್ಯೂಟ್ರಾನ್ ನಕ್ಷತ್ರವೆಂದರೆ ಒಂದು ದೊಡ್ಡ ನಕ್ಷತ್ರ ಸತ್ತ ಮೇಲೆ ಉಳಿಯುವ ಗಟ್ಟಿ. ಉರಿಯಲು ಇನ್ನೇನೂ ಉಳಿಯದೆ ಹೋದಾಗ ನಕ್ಷತ್ರದ ನಡುಭಾಗ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಹೊರಪದರಗಳು ಸೂಪರ್‌ನೋವಾ ಆಗಿ ಸಿಡಿದು ಚೆದುರುತ್ತವೆ. ಕುಸಿದ ನಡುಭಾಗದಲ್ಲಿ ಎಲೆಕ್ಟ್ರಾನ್‌ಗಳನ್ನು ಪ್ರೋಟಾನ್‌ಗಳೊಳಕ್ಕೆ ಒತ್ತಿದಂತಾಗಿ ಬಹುಪಾಲು ನ್ಯೂಟ್ರಾನ್‌ಗಳೇ ಉಳಿಯುತ್ತವೆ. ಜೇಮ್ಸ್ ಚಾಡ್‌ವಿಕ್ ನ್ಯೂಟ್ರಾನ್ ಎಂಬ ಕಣವನ್ನು ಕಂಡುಹಿಡಿದದ್ದು 1932ರಲ್ಲಿ. ಎರಡೇ ವರ್ಷದಲ್ಲಿ, 1934ರಲ್ಲಿ, ವಾಲ್ಟರ್ ಬಾಡೆ ಮತ್ತು ಫ್ರಿಟ್ಸ್ ಝ್ವಿಕಿ ಇಂಥ ನಕ್ಷತ್ರಗಳು ಸೂಪರ್‌ನೋವಾದಿಂದ ಹುಟ್ಟಬಹುದೆಂದು ಬರೆದರು. ಆಗ ಅದಕ್ಕೆ ಯಾವ ಪುರಾವೆಯೂ ಇರಲಿಲ್ಲ. ನಮ್ಮ ಸೂರ್ಯನಿಗಿಂತ ಹೆಚ್ಚು ದ್ರವ್ಯ, ಸುಮಾರು 25 ಕಿಲೋಮೀಟರ್ ಅಡ್ಡಗಲದ ಗೋಳದೊಳಗೆ! ಕಬ್ಬಿಣ, ಸಿಲಿಕಾನ್, ಆಮ್ಲಜನಕ ಎಂದು ನಕ್ಷತ್ರ ಜೀವಮಾನವಿಡೀ ಬೇಯಿಸಿ ಮಾಡಿಕೊಂಡ ಬಗೆಬಗೆಯ ಮೂಲವಸ್ತುಗಳು ಆ ಒತ್ತಡದಲ್ಲಿ ತಮ್ಮ ಗುರುತು ಕಳೆದುಕೊಳ್ಳುತ್ತವೆ. ಯಾವುದು ಏನಾಗಿತ್ತು ಎಂದು ಕೇಳುವಂತೆಯೇ ಇಲ್ಲ. ಉಳಿಯುವುದು ಕೆಲವೇ ಸಂಗತಿಗಳು: ಎಷ್ಟು ತೂಕ, ಎಷ್ಟು ಗಾತ್ರ, ಎಷ್ಟು ವೇಗದ ತಿರುಗು, ಎಷ್ಟು ಕಾಂತಶಕ್ತಿ, ಎಷ್ಟು ಬಿಸಿ.

ಒಳಗೆ ಏನಿದೆ? ಹೊರಗಿನ ಸುಮಾರು ಒಂದು ಕಿಲೋಮೀಟರ್ ಗಟ್ಟಿ ತೊಗಟೆ. ಅದರ ಕೆಳಗೆ ನ್ಯೂಟ್ರಾನ್‌ಗಳ ದ್ರವ, ಜೊತೆಗೆ ಸ್ವಲ್ಪ ಪ್ರೋಟಾನ್, ಎಲೆಕ್ಟ್ರಾನ್. ಇನ್ನೂ ಆಳಕ್ಕೆ ಹೋದರೆ, ಪರಮಾಣು ಬೀಜದ ಸಾಂದ್ರತೆಯನ್ನೂ ಹಲವು ಪಟ್ಟು ಮೀರಿದ ಕಡೆ, ನ್ಯೂಟ್ರಾನ್ ನ್ಯೂಟ್ರಾನ್ ಆಗಿಯೇ ಉಳಿದಿದೆಯೇ, ಒಡೆದು ಕ್ವಾರ್ಕ್‌ಗಳ ಸಾರಾಗಿದೆಯೇ, ಬೇರೆ ವಿಚಿತ್ರ ಕಣಗಳಾಗಿದೆಯೇ ಎಂಬುದಕ್ಕೆ ಇಂದಿಗೂ ಉತ್ತರವಿಲ್ಲ. ಅಷ್ಟು ದಟ್ಟವಾಗಿಯೂ, ಆ ದಟ್ಟಣೆಯ ಲೆಕ್ಕದಲ್ಲಿ ತಣ್ಣಗೂ ಇರುವ ಅಂಥ ದ್ರವ್ಯವನ್ನು ಭೂಮಿಯ ಯಾವ ಪ್ರಯೋಗಶಾಲೆಯೂ ಮಾಡಿ ಇಟ್ಟುಕೊಳ್ಳಲಾರದು. ಆದ್ದರಿಂದ ಈ ಪ್ರಶ್ನೆ ಕೇಳಲು ನಕ್ಷತ್ರದ ಬಳಿಗೇ ಹೋಗಬೇಕು. ಹೋಗಲಾಗದು. ಅದರ ಮೈಯಿಂದ ಹೊರಟು ನಮ್ಮ ಕಡೆ ಬಂದದ್ದನ್ನು ಹಿಡಿಯಬಹುದು, ಅಷ್ಟೆ.

ಬರುವುದು ಹೆಚ್ಚಾಗಿ ಕ್ಷ-ಕಿರಣ. ಹತ್ತು ಲಕ್ಷ ಡಿಗ್ರಿ ಬಿಸಿಯಿರುವ ಮೈ ಹೊಳೆಯುವುದು ಆ ಬೆಳಕಿನಲ್ಲಿಯೇ. ಆದರೆ ನಮ್ಮ ತಲೆಯ ಮೇಲಿನ ಗಾಳಿ ಅದನ್ನು ಕೆಳಗಿಳಿಯಲು ಬಿಡುವುದಿಲ್ಲ. ಆ ತಡೆ ಇಲ್ಲದಿದ್ದರೆ ನಾವೂ ಹೀಗೆ ಬದುಕಿರುತ್ತಿರಲಿಲ್ಲ. ನಮ್ಮನ್ನು ಕಾಯುವುದೇ ನಮಗೆ ಪರದೆಯೂ ಆಗಿದೆ ಎಂಬುದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವ ಸಂಗತಿ. ಸಾವಿರಾರು ವರ್ಷ ಮನುಷ್ಯ ಆಕಾಶ ನೋಡಿದ, ಪಂಚಾಂಗ ಬರೆದ, ಗ್ರಹಣ ಲೆಕ್ಕ ಹಾಕಿದ. ಅಷ್ಟು ಕಾಲವೂ ವೃಶ್ಚಿಕ ರಾಶಿಯಲ್ಲಿ ಕ್ಷ-ಕಿರಣದ ಒಂದು ದೊಡ್ಡ ದೀಪ ಉರಿಯುತ್ತಲೇ ಇತ್ತು, ಯಾರಿಗೂ ಕಾಣಲಿಲ್ಲ. 1962ರ ಜೂನ್ 18ರಂದು ರಿಕಾರ್ಡೊ ಜಕೋನಿ ಮತ್ತು ಸಂಗಡಿಗರು ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಿಂದ ಒಂದು ರಾಕೆಟ್ ಹಾರಿಸಿದರು. ಸೂರ್ಯನ ಕಿರಣ ಬಿದ್ದ ಚಂದ್ರನ ನೆಲದಿಂದ ಕ್ಷ-ಕಿರಣ ಹೊಮ್ಮುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಗಾಳಿಯ ಪರದೆಯ ಆಚೆ ಆ ಉಪಕರಣ ಇದ್ದದ್ದು ಕೆಲವೇ ನಿಮಿಷ. ಅಷ್ಟರಲ್ಲಿ ಸಿಕ್ಕಿದ್ದು ಸ್ಕಾರ್ಪಿಯಸ್ ಎಕ್ಸ್-1. ಅದು ಸಂಗಾತಿ ನಕ್ಷತ್ರದಿಂದ ಅನಿಲ ಸೆಳೆದುಕೊಳ್ಳುತ್ತಿರುವ ನ್ಯೂಟ್ರಾನ್ ನಕ್ಷತ್ರ ಎಂದು 1967ರಲ್ಲಿ ಖಗೋಳವಿಜ್ಞಾನಿ ಶ್ಕ್ಲೋವ್‌ಸ್ಕಿ ವಾದಿಸಿದರು. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ರೇಡಿಯೊ ಆಂಟೆನಾದ ಉದ್ದುದ್ದ ಕಾಗದದ ಮೇಲೆ 1.3 ಸೆಕೆಂಡಿಗೊಮ್ಮೆ ಮಿಡಿಯುವ ಗೆರೆಯನ್ನು ಗುರುತಿಸಿದರು. ಪಲ್ಸಾರ್ ಎಂದು ಹೆಸರಾದದ್ದು ಇದೇ, ತಿರುಗುತ್ತ ಮಿಡಿಯುವ ನ್ಯೂಟ್ರಾನ್ ನಕ್ಷತ್ರ.

1970ರ ಡಿಸೆಂಬರ್ 12ರಂದು, ಕೀನ್ಯಾದ ಸ್ವಾತಂತ್ರ್ಯ ದಿನ, ಆ ದೇಶದ ಕರಾವಳಿಯಾಚೆಯ ಸಮುದ್ರದ ಅಟ್ಟಣೆಯೊಂದರಿಂದ ಉಹುರು ಉಪಗ್ರಹ ಮೇಲೇರಿತು. ಕ್ಷ-ಕಿರಣ ಆಕಾಶಕ್ಕೆಂದೇ ಮೀಸಲಾದ ಮೊದಲ ಉಪಗ್ರಹ ಅದು. ಸೆಂಟಾರಸ್ ಎಕ್ಸ್-3 ಎಂಬ ಮೂಲ 4.8 ಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಎರಡು ದಿನಕ್ಕೊಮ್ಮೆ ತನ್ನ ಸಂಗಾತಿಯ ಹಿಂದೆ ಮರೆಯಾಗುತ್ತದೆ ಎಂದು ಉಹುರು ತೋರಿಸಿತು. ಜೋಡಿಯಾಗಿ ಬದುಕುವ ನ್ಯೂಟ್ರಾನ್ ನಕ್ಷತ್ರ ತನ್ನ ಬೆಳಕನ್ನು ಪಡೆಯುವುದು ಸಂಗಾತಿಯಿಂದ ಬಂದು ಬೀಳುವ ಅನಿಲದಿಂದ ಎಂಬ ಚಿತ್ರ ಇಲ್ಲಿಂದ ಗಟ್ಟಿಯಾಯಿತು.

ಈ ಕಥೆಯಲ್ಲಿ ನಮಗೆ ಹತ್ತಿರದ ಒಂದು ಹೆಸರು ಚಂದ್ರ. ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಹಾಕಿದ ಲೆಕ್ಕ ಮುಂದೆ ಸೂರ್ಯನ ಸುಮಾರು 1.4 ಪಟ್ಟು ಎಂಬ ಗಡಿಯಾಗಿ ನಿಂತಿತು. ಅದಕ್ಕಿಂತ ಭಾರದ ಶ್ವೇತಕುಬ್ಜ, ಅಂದರೆ ಚಿಕ್ಕ ನಕ್ಷತ್ರ ಸತ್ತ ಮೇಲೆ ಉಳಿಯುವ ಗಟ್ಟಿ, ತನ್ನನ್ನು ತಾನು ಹೊತ್ತುಕೊಳ್ಳಲಾರದು, ಕುಸಿಯಲೇಬೇಕು. 1935ರ ಜನವರಿಯಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಖಗೋಳವಿಜ್ಞಾನಿ ಎಡಿಂಗ್ಟನ್ ಅವರು ಈ ತೀರ್ಮಾನವನ್ನು ಎಲ್ಲರೆದುರು ತಳ್ಳಿಹಾಕಿದರು. ನಕ್ಷತ್ರವೊಂದು ಹೀಗೆ ಅಸಂಬದ್ಧವಾಗಿ ನಡೆದುಕೊಳ್ಳದಂತೆ ತಡೆಯುವ ನಿಯಮ ನಿಸರ್ಗದಲ್ಲಿ ಇರಲೇಬೇಕು ಎಂಬುದು ಅವರ ನಿಲುವು. ಅಂಥ ನಿಯಮ ಇರಲಿಲ್ಲ. ಕುಸಿತವೇ ನಿಜವಾಗಿತ್ತು, ಆ ಕುಸಿತ ನಿಲ್ಲುವ ಒಂದು ಮೆಟ್ಟಿಲೇ ನ್ಯೂಟ್ರಾನ್ ನಕ್ಷತ್ರ. 1999ರ ಜುಲೈ 23ರಂದು ಕೊಲಂಬಿಯಾ ನೌಕೆಯಲ್ಲಿ ಆಕಾಶಕ್ಕೇರಿದ ಕ್ಷ-ಕಿರಣ ದೂರದರ್ಶಕಕ್ಕೆ ಚಂದ್ರಶೇಖರ್ ಅವರ ಹೆಸರನ್ನೇ, ಚಂದ್ರ ಎಂದು, ಇಟ್ಟರು. ಅವರು ತೀರಿಕೊಂಡು ಆಗ ನಾಲ್ಕು ವರ್ಷ.

ಚಂದ್ರದ ಕನ್ನಡಿಗಳನ್ನು ಕುರಿತು ಒಂದು ಮಾತು ಹೇಳಲೇಬೇಕು. ಕ್ಷ-ಕಿರಣ ಕನ್ನಡಿಗೆ ನೇರವಾಗಿ ಬಡಿದರೆ ಪ್ರತಿಫಲಿಸುವುದಿಲ್ಲ. ಒಳಹೊಕ್ಕು ಅಲ್ಲೇ ಇಂಗಿಹೋಗುತ್ತದೆ. ಮೈಯನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಿ ಬಂದರೆ ಮಾತ್ರ ಸ್ವಲ್ಪ ಬಾಗಿ ಮುಂದೆ ಸಾಗುತ್ತದೆ. ಹೀಗಾಗಿ ಆ ಕನ್ನಡಿಗಳು ತಟ್ಟೆಯ ಆಕಾರದಲ್ಲಿಲ್ಲ. ಒಂದರೊಳಗೊಂದು ಕೂರಿಸಿದ, ಎರಡೂ ಕಡೆ ಬಾಯಿ ತೆರೆದ ಕೊಳವೆಗಳಂತಿವೆ, ಒಳಮೈಗೆ ಇರಿಡಿಯಂ ಲೇಪ. ಎದುರೆದುರು ನಿಂತು ಹಿಡಿಯಲಾಗದ ಬೆಳಕನ್ನು ಪಕ್ಕದಿಂದ, ಮೆಲ್ಲನೆ ತಿರುಗಿಸಿ ಒಂದು ಬಿಂದುವಿಗೆ ತರಬೇಕು. ನೇರ ನೋಟವೇ ನಿಜವಾದ ನೋಟ ಎಂದು ನಂಬಿದವರಿಗೆ ಈ ಕನ್ನಡಿ ಬೇರೊಂದು ಬಗೆಯ ನೋಟವನ್ನು ಕಲಿಸುತ್ತದೆ.

ಚಂದ್ರ ಮೊದಲು ತೆಗೆದು ಜಗತ್ತಿಗೆ ತೋರಿಸಿದ ಚಿತ್ರ ಕ್ಯಾಸಿಯೋಪಿಯಾ ಎ. ಸುಮಾರು 11,000 ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ನಕ್ಷತ್ರದ ಚೂರುಪಾರು. ಆ ಚೂರುಗಳ ನಡುವೆ ಒಂದು ಪುಟ್ಟ ಚುಕ್ಕೆ. ಹಲವು ದಶಕ ಹುಡುಕಿದರೂ ಸಿಗದಿದ್ದ ನ್ಯೂಟ್ರಾನ್ ನಕ್ಷತ್ರ ಅಲ್ಲಿ ಕೂತಿತ್ತು. ಆದರೆ ಅದರ ಬೆಳಕಿನಿಂದ ಗಾತ್ರ ಲೆಕ್ಕ ಹಾಕಿದರೆ ಉತ್ತರ ತೀರ ಚಿಕ್ಕದಾಗಿ ಬರುತ್ತಿತ್ತು, ನ್ಯೂಟ್ರಾನ್ ನಕ್ಷತ್ರ ಅಷ್ಟು ಚಿಕ್ಕದಿರಲು ಸಾಧ್ಯವೇ ಇಲ್ಲ. ಹತ್ತು ವರ್ಷಗಳ ನಂತರ, 2009ರಲ್ಲಿ, ವಿನ್ ಹೋ ಮತ್ತು ಕ್ರೇಗ್ ಹೈಂಕೆ ಒಂದು ಸಲಹೆ ಮುಂದಿಟ್ಟರು: ಆ ನಕ್ಷತ್ರದ ಮೇಲಿರುವ ವಾತಾವರಣ ಜಲಜನಕದ್ದಲ್ಲ, ಇಂಗಾಲದ್ದು ಎಂದುಕೊಳ್ಳಿ. ಹಾಗೆಂದುಕೊಂಡ ಕೂಡಲೇ ಗಾತ್ರ ಸರಿಹೋಯಿತು. ಆ ವಾತಾವರಣದ ದಪ್ಪ ಸುಮಾರು 10 ಸೆಂಟಿಮೀಟರ್! ಹತ್ತು ಸೆಂಟಿಮೀಟರ್‌ನ ಹೊದಿಕೆಯನ್ನು ತಪ್ಪಾಗಿ ತಿಳಿದರೆ ಇಡೀ ನಕ್ಷತ್ರದ ಅಳತೆಯೇ ತಪ್ಪುತ್ತದೆ. ಹೊರಮೈಯ ಬಗ್ಗೆ ಉದಾಸೀನ ಸಲ್ಲದು ಎಂದು ನನಗೆ ಮನವರಿಕೆಯಾದದ್ದು ಈ ಸಂಗತಿ ಓದಿದಾಗ.

ಇನ್ನು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ನಕ್ಷತ್ರಕ್ಕೆ ಬರುತ್ತೇನೆ. ಅದಕ್ಕೆ ಹೆಸರಿಲ್ಲ, ವಿಳಾಸ ಮಾತ್ರ ಇದೆ: ಪಿಎಸ್‌ಆರ್ ಜೆ0030+0451. ಮೀನ ರಾಶಿಯ ದಿಕ್ಕಿನಲ್ಲಿ ಸುಮಾರು 1,100 ಜ್ಯೋತಿರ್ವರ್ಷ ದೂರದಲ್ಲಿ, ಸೆಕೆಂಡಿಗೆ 205 ಸಲ ತನ್ನ ಸುತ್ತ ತಾನೇ ತಿರುಗುತ್ತಿದೆ. ಅದೊಂದು ಮುದಿ ನಕ್ಷತ್ರ. ಮುದಿಯಾದದ್ದು ಇಷ್ಟು ವೇಗವಾಗಿ ತಿರುಗುವುದಾದರೂ ಹೇಗೆ? ಸಾಮಾನ್ಯ ಪಲ್ಸಾರ್ ವಯಸ್ಸಾದಂತೆ ನಿಧಾನವಾಗುತ್ತ, ಕೊನೆಗೆ ಮಿಡಿತವೇ ಅಡಗಿಹೋಗುತ್ತದೆ.

ಈ ಪ್ರಶ್ನೆಗೆ ಉತ್ತರ ಹುಟ್ಟಿದ ಜಾಗಗಳಲ್ಲಿ ಬೆಂಗಳೂರೂ ಒಂದು. 1982ರಲ್ಲಿ ಡಾನ್ ಬ್ಯಾಕರ್ ಅವರ ತಂಡ ಸೆಕೆಂಡಿಗೆ 642 ಸಲ ತಿರುಗುವ ಪಲ್ಸಾರನ್ನು ಕಂಡುಹಿಡಿಯಿತು. ಹುಬ್ಬಳ್ಳಿಯಲ್ಲಿ ಶಾಲೆ ಓದಿ ಬರ್ಕ್ಲಿಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಶ್ರೀನಿವಾಸ ಕುಲಕರ್ಣಿಯವರು ಆ ತಂಡದಲ್ಲಿದ್ದರು. ಸುದ್ದಿ ಬಂದ ವರ್ಷವೇ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ವಿವರಣೆ ಬರೆದರು. ಬೇರೆಡೆ ಬೇರೆಯವರೂ ಅದೇ ಹೊತ್ತಿಗೆ ಅದೇ ವಿಚಾರಕ್ಕೆ ಬಂದಿದ್ದರು. ವಿವರಣೆ ಹೀಗಿದೆ: ಇದು ಹೊಸದಾಗಿ ಹುಟ್ಟಿದ ಪಲ್ಸಾರ್ ಅಲ್ಲ, ದಣಿದು ನಿಲ್ಲುವ ಹಂತಕ್ಕೆ ಬಂದಿದ್ದ ಹಳೆಯದು. ಸಂಗಾತಿ ನಕ್ಷತ್ರ ವಯಸ್ಸಾಗಿ ಉಬ್ಬಿದಾಗ ಅದರ ಅನಿಲ ಈ ಕಡೆ ಹರಿಯುತ್ತದೆ, ಸುತ್ತುತ್ತ ಬಂದು ಬೀಳುತ್ತದೆ, ಬೀಳುವಾಗ ತನ್ನ ತಿರುಗುಬಲವನ್ನು ಕೊಡುತ್ತದೆ. ಕೋಟ್ಯಂತರ ವರ್ಷ ಹೀಗೆ ಪಡೆದು ಪಡೆದು ಮುದಿ ನಕ್ಷತ್ರ ಮತ್ತೆ ವೇಗ ಗಳಿಸುತ್ತದೆ. ಇದು ನಿಜವಾದರೆ, ಅನಿಲ ಬೀಳುತ್ತಿರುವಾಗಲೇ ಮಿಲಿಸೆಕೆಂಡ್ ಲೆಕ್ಕದಲ್ಲಿ ಮಿಡಿಯುವ ಕ್ಷ-ಕಿರಣ ಮೂಲವೊಂದು ಎಲ್ಲಾದರೂ ಸಿಗಬೇಕು. ಹದಿನಾರು ವರ್ಷ ಸಿಗಲಿಲ್ಲ. 1998ರಲ್ಲಿ ಆರ್‌ಎಕ್ಸ್‌ಟಿಇ ಎಂಬ ಕ್ಷ-ಕಿರಣ ಉಪಗ್ರಹದ ದಾಖಲೆಯಲ್ಲಿ ಸೆಕೆಂಡಿಗೆ 401 ಸಲ ಮಿಡಿಯುವ ಅಂಥ ಮೂಲ ಸಿಕ್ಕಿತು. ರೇಡಿಯೊ ಆಂಟೆನಾಗಳು ಕಂಡ ಫಲಕ್ಕೆ ಕಾರಣವನ್ನು ಕ್ಷ-ಕಿರಣದ ಕಣ್ಣು ತೋರಿಸಿಕೊಟ್ಟಿತು. ಊಹೆ ಮತ್ತು ಸಾಕ್ಷಿಯ ನಡುವಿನ ಆ ಹದಿನಾರು ವರ್ಷಗಳ ಬಗ್ಗೆ ನನಗೆ ಬಹಳ ಗೌರವವಿದೆ. ಸಾಕ್ಷಿ ಸಿಗಲಿಲ್ಲವೆಂದು ಊಹೆಯನ್ನು ಬಿಡಲಿಲ್ಲ, ಊಹೆ ಸೊಗಸಾಗಿದೆಯೆಂದು ಹುಡುಕುವುದನ್ನೂ ಬಿಡಲಿಲ್ಲ.

ಜೆ0030ಕ್ಕೆ ವೇಗ ಕೊಟ್ಟ ಸಂಗಾತಿ ಈಗ ಇಲ್ಲ. ಅದು ಒಂಟಿ. ಪಡೆದ ತಿರುಗು ಮಾತ್ರ ಉಳಿದಿದೆ.

ಈ ಒಂಟಿ ನಕ್ಷತ್ರವನ್ನು ನೋಡಲು 2017ರ ಜೂನ್ 3ರಂದು ನೈಸರ್ ಎಂಬ ಉಪಕರಣ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿತು. ನಿಲ್ದಾಣದ ಹೊರಗೋಡೆಗೆ ಅದನ್ನು ಜೋಡಿಸಿದ್ದಾರೆ. ಚಿನ್ನ ಲೇಪಿಸಿದ ತೆಳು ಹಾಳೆಗಳ 56 ಪುಟ್ಟ ಕೊಳವೆಗಳು ಕ್ಷ-ಕಿರಣವನ್ನು ಒಗ್ಗೂಡಿಸುತ್ತವೆ. ಚಿತ್ರ ತೆಗೆಯುವುದು ಅದರ ಕೆಲಸವಲ್ಲ. ತೆಗೆದರೂ ಪ್ರಯೋಜನವಿಲ್ಲ, ಅಷ್ಟು ದೂರದಲ್ಲಿ 25 ಕಿಲೋಮೀಟರ್‌ನ ಗೋಳ ಯಾವ ದೂರದರ್ಶಕಕ್ಕೂ ಚುಕ್ಕೆಗಿಂತ ಹೆಚ್ಚಾಗಿ ಕಾಣದು. ನೈಸರ್ ಮಾಡುವುದು ಒಂದೇ ಕೆಲಸ: ಬಂದ ಪ್ರತಿಯೊಂದು ಫೋಟಾನ್‌ನ ಶಕ್ತಿ ಎಷ್ಟು, ಅದು ಬಂದ ಕ್ಷಣ ಯಾವುದು ಎಂದು ಬರೆದಿಡುವುದು. ಆ ಕ್ಷಣವನ್ನು ಸೆಕೆಂಡಿನ ಕೋಟಿಯಲ್ಲಿ ಕೆಲವು ಭಾಗಗಳಷ್ಟು ನಿಖರವಾಗಿ ಬರೆಯುತ್ತದೆ.

ಇಲ್ಲಿ ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ನಕ್ಷತ್ರ ನೂರಾರು ಸುತ್ತು ತಿರುಗುವಷ್ಟರಲ್ಲಿ ಅದರಿಂದ ನೈಸರ್‌ಗೆ ಸಿಗುವುದು ಒಂದೆರಡು ಫೋಟಾನ್. ಅಂದರೆ ಅದರ ಒಂದು ಪೂರ್ತಿ ಸುತ್ತನ್ನು ಯಾರೂ ನೋಡಿಲ್ಲ, ನೋಡುವಂತೆಯೂ ಇಲ್ಲ. ಪ್ರತಿ ಫೋಟಾನ್ ಬಂದಾಗ ನಕ್ಷತ್ರ ತನ್ನ ಸುತ್ತಿನ ಯಾವ ಹಂತದಲ್ಲಿತ್ತು ಎಂದು ಲೆಕ್ಕ ಹಾಕಿ, ಆ ಹಂತದ ಲೆಕ್ಕಕ್ಕೆ ಅದನ್ನು ಸೇರಿಸುತ್ತ ಹೋಗುತ್ತಾರೆ. 2017ರ ಜುಲೈಯಿಂದ 2018ರ ಡಿಸೆಂಬರ್‌ವರೆಗೆ ಹೀಗೆ ಸೇರಿಸಿದ ಮೇಲೆ ಒಂದು ಸುತ್ತಿನ ಏರಿಳಿತ ಮೂಡಿಬಂತು. ನಕ್ಷತ್ರದ ತಿರುಗು ಅಷ್ಟು ನಿಯಮಿತವಾಗಿರುವುದರಿಂದ ಇದು ಸಾಧ್ಯ, ವರ್ಷಗಳುದ್ದಕ್ಕೂ ಒಂದು ಸುತ್ತೂ ಲೆಕ್ಕ ತಪ್ಪುವುದಿಲ್ಲ. ನಾವು ಕಂಡೆವು ಎನ್ನುವ ಆ ಒಂದು ಸುತ್ತು ನಕ್ಷತ್ರದ ಬದುಕಿನಲ್ಲಿ ಯಾವತ್ತೂ ನಡೆದ ಸುತ್ತಲ್ಲ. ನಡೆದ ಎಲ್ಲ ಸುತ್ತುಗಳ ಸಾರ ಅದು. ಆದರೂ ಸುಳ್ಳಲ್ಲ. ನಮಗೆ ಬೇಕಾದವರ ಮುಖ ನೆನಪಿನಲ್ಲಿ ಮೂಡುವಾಗಲೂ ಅದು ಯಾವುದೋ ಒಂದು ದಿನದ, ಒಂದು ಗಳಿಗೆಯ ಮುಖವಾಗಿರುವುದಿಲ್ಲ ಎಂದು ಇದನ್ನು ಓದುವಾಗ ನನಗೆ ಹೊಳೆಯಿತು.

ಏರಿಳಿತ ಇರುವುದಾದರೂ ಏಕೆ? ನಕ್ಷತ್ರದ ಮೈಯೆಲ್ಲ ಒಂದೇ ಸಮನೆ ಹೊಳೆಯುತ್ತಿದ್ದರೆ ಅದು ಎಷ್ಟು ತಿರುಗಿದರೂ ನಮಗೆ ಒಂದೇ ಬೆಳಕು, ಒಂದು ಮಾತೂ ತಿಳಿಯುತ್ತಿರಲಿಲ್ಲ. ಕಾಂತಧ್ರುವಗಳ ಬಳಿ ಕಣಗಳು ಹಿಂದಿರುಗಿ ಬಡಿಯುವ ಕಡೆ ಮಾತ್ರ ಮೈ ಕಾದು ಕೆಂಡವಾಗಿದೆ. ಆ ಬಿಸಿ ಮಚ್ಚೆಗಳು ನಮ್ಮ ಕಡೆ ತಿರುಗಿದಾಗ ಬೆಳಕು ಏರುತ್ತದೆ, ಆಚೆ ಹೋದಾಗ ಇಳಿಯುತ್ತದೆ. ಆಚೆ ಹೋದಾಗ ಪೂರ್ತಿ ಆರಬೇಕಿತ್ತು. ಆರುವುದಿಲ್ಲ. ನಕ್ಷತ್ರದ ಗುರುತ್ವ ಎಷ್ಟು ಬಲವಾಗಿದೆಯೆಂದರೆ ಹಿಂಬದಿಯಿಂದ ಹೊರಟ ಬೆಳಕನ್ನೂ ಬಾಗಿಸಿ ಈ ಕಡೆ ತರುತ್ತದೆ. ಚಂದ್ರನ ಅರ್ಧ ಮೈ ಮಾತ್ರ ನಮಗೆ ಒಂದು ಸಲಕ್ಕೆ ಕಾಣುತ್ತದೆ, ಯಾವ ಗೋಳವಾದರೂ ಹಾಗೆಯೇ. ನ್ಯೂಟ್ರಾನ್ ನಕ್ಷತ್ರದ ಮೈ ಸುಮಾರು ಮುಕ್ಕಾಲು ಪಾಲು ಒಟ್ಟಿಗೇ ಕಾಣುತ್ತದೆ. ಎಷ್ಟು ಬಾಗುತ್ತದೆ ಎಂಬುದು ತೂಕ ಮತ್ತು ಗಾತ್ರದ ಪ್ರಮಾಣವನ್ನು ಅವಲಂಬಿಸಿದ್ದರಿಂದ, ಬೆಳಕು ಇಳಿಯುವಾಗ ಎಷ್ಟು ಉಳಿಯುತ್ತದೆ ಎಂಬುದನ್ನು ಅಳೆದರೆ ನಕ್ಷತ್ರದ ಅಳತೆ ಕೈಗೆ ಬರುತ್ತದೆ.

ನಾನು ಮತ್ತೆ ಮತ್ತೆ ಮರಳುವುದು ಈ ಸಂಗತಿಗೆ. ಹೆಚ್ಚು ಒತ್ತಿಕೊಂಡಷ್ಟೂ, ಹೆಚ್ಚು ಮುದುಡಿದಷ್ಟೂ ಆ ನಕ್ಷತ್ರಕ್ಕೆ ತನ್ನ ಬೆನ್ನನ್ನು ಮರೆಮಾಚುವುದು ಅಷ್ಟೇ ಕಷ್ಟವಾಗುತ್ತದೆ. ತನ್ನ ಭಾರವೇ ತನ್ನನ್ನು ಬಯಲಿಗೆ ತರುತ್ತದೆ. ಇನ್ನೂ ಒತ್ತಿದರೆ? ಒಂದು ಹಂತ ಮೀರಿದರೆ ಎಲ್ಲವೂ ತಿರುವುಮುರುವು. ಕುಸಿತ ತಡೆಯಲಾಗದೆ ಅದು ಕಪ್ಪುಕುಳಿಯಾಗುತ್ತದೆ, ಬೆಳಕೇ ಹೊರಬರುವುದಿಲ್ಲ. ಕಪ್ಪುಕುಳಿಗೆ ಮೈ ಇಲ್ಲ, ದಾಟಿದರೆ ಮರಳಲಾಗದ ಗೆರೆ ಮಾತ್ರ ಇದೆ. ಹಾಗಾಗಿ ದ್ರವ್ಯ ತನ್ನ ಒಳಗಿನ ಸ್ಥಿತಿಯ ಬಗ್ಗೆ ಏನನ್ನಾದರೂ ಹೇಳಬಲ್ಲ ಕಟ್ಟಕಡೆಯ ತಾಣ ನ್ಯೂಟ್ರಾನ್ ನಕ್ಷತ್ರ. ಅದು ಹೇಳಬಲ್ಲುದು ಅದಕ್ಕೆ ಮೈ ಇರುವುದರಿಂದ, ಮೈ ಇರುವುದು ಒಳಗಿನ ದ್ರವ್ಯ ಇನ್ನೂ ಸೋಲೊಪ್ಪದೆ ಗುರುತ್ವವನ್ನು ಎದುರಿಸಿ ನಿಂತಿರುವುದರಿಂದ. ಹೊರಮೈ ಎಂಬುದು ಒಳಗಿನ ಪ್ರತಿರೋಧದ ಗಡಿ ಎಂದು ಅರಿತ ಮೇಲೆ ಒಳಗು ಬೇರೆ, ಹೊರಗು ಬೇರೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಜೆ0030ರ ದತ್ತಾಂಶವನ್ನು ಎರಡು ತಂಡಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿದವು. ಆಮ್‌ಸ್ಟರ್‌ಡ್ಯಾಮ್‌ನ ತಂಡಕ್ಕೆ ಸೂರ್ಯನ 1.34 ಪಟ್ಟು ತೂಕ, 12.7 ಕಿಲೋಮೀಟರ್ ತ್ರಿಜ್ಯ ಸಿಕ್ಕಿತು. ಮೇರಿಲ್ಯಾಂಡ್ ಮತ್ತು ಇಲಿನಾಯ್ ವಿಜ್ಞಾನಿಗಳ ತಂಡಕ್ಕೆ 1.44 ಪಟ್ಟು ತೂಕ, 13 ಕಿಲೋಮೀಟರ್. ಎರಡರಲ್ಲೂ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಅನಿಶ್ಚಯ. 2019ರ ಡಿಸೆಂಬರ್‌ನಲ್ಲಿ ಇವು ಒಟ್ಟಿಗೆ ಪ್ರಕಟವಾದವು. ಅಳತೆಗಳು ಹೊಂದಿಕೊಂಡವು, ಮಚ್ಚೆಗಳ ಆಕಾರ ಹೊಂದಿಕೊಳ್ಳಲಿಲ್ಲ. ಒಂದು ತಂಡಕ್ಕೆ ಒಂದು ಚಿಕ್ಕ ದುಂಡು ಮಚ್ಚೆ, ಇನ್ನೊಂದು ಬಾಲಚಂದ್ರನಂತೆ ಉದ್ದನೆಯದು. ಇನ್ನೊಂದು ತಂಡಕ್ಕೆ ಎರಡೂ ಅಂಡಾಕಾರ. ಆದರೆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತು: ಮಚ್ಚೆಗಳು ಎದುರುಬದುರಿನ ಧ್ರುವಗಳಲ್ಲಿಲ್ಲ, ಎಲ್ಲವೂ ಒಂದೇ ಗೋಲಾರ್ಧದಲ್ಲಿವೆ. ಪಠ್ಯಪುಸ್ತಕಗಳಲ್ಲಿ ಪಲ್ಸಾರ್ ಎಂದರೆ ಮೇಲೊಂದು ಕೆಳಗೊಂದು ಧ್ರುವವಿರುವ ಸರಳ ದಂಡಕಾಂತ. ಜೆ0030 ಹಾಗಿಲ್ಲ. ಪಲ್ಸಾರ್‌ನ ಮಿಡಿತ ಕಾಂತಧ್ರುವದಿಂದ ಬರುತ್ತದೆಂಬ ಚಿತ್ರವನ್ನು 1969ರಲ್ಲಿ ವೇಲಾ ಪಲ್ಸಾರ್ ನೋಡಿ ಕಟ್ಟಿಕೊಟ್ಟವರಲ್ಲಿ ಮೇಲೆ ಹೇಳಿದ ರಾಧಾಕೃಷ್ಣನ್ ಒಬ್ಬರು, ಆಗ ಅವರು ಆಸ್ಟ್ರೇಲಿಯಾದಲ್ಲಿದ್ದರು. ಆ ಚಿತ್ರ ಬಿದ್ದುಹೋಗಲಿಲ್ಲ. ಧ್ರುವಗಳು ಎಲ್ಲಿರಬೇಕೆಂದು ನಾವು ಅಂದುಕೊಂಡದ್ದು ಮಾತ್ರ ಬಿದ್ದುಹೋಯಿತು.

ಒಂಟಿತನಕ್ಕೆ ಇಲ್ಲಿ ಒಂದು ಬೆಲೆ ತೆರಬೇಕಾಗುತ್ತದೆ. ಜೆ0030ಕ್ಕೆ ಸಂಗಾತಿ ಇಲ್ಲದ್ದರಿಂದ ಅದರ ತೂಕವನ್ನು ತಿಳಿಯಲು ಬೇರೆ ದಾರಿಯಿಲ್ಲ. ತೂಕ, ಗಾತ್ರ, ಮಚ್ಚೆಗಳ ಆಕಾರ, ನಾವು ನೋಡುವ ಕೋನ, ಎಲ್ಲವನ್ನೂ ಆ ಒಂದೇ ಏರಿಳಿತದಿಂದ ಹಿಂಡಿ ತೆಗೆಯಬೇಕು. ಸಂಗಾತಿ ಇರುವ ಪಲ್ಸಾರ್‌ಗಳಲ್ಲಿ ಹೀಗಲ್ಲ. ಪಲ್ಸಾರ್‌ನ ರೇಡಿಯೊ ಮಿಡಿತ ಜೊತೆಗಾರನ ಪಕ್ಕದಿಂದ ಹಾದು ಬರುವಾಗ ಗುರುತ್ವದಿಂದಾಗಿ ಚೂರು ತಡವಾಗುತ್ತದೆ. ಆ ತಡ ನೋಡಿ ಇಬ್ಬರ ತೂಕವನ್ನೂ ಹೇಳಬಹುದು. ಜೆ0740+6620 ಎಂಬುದರ ತೂಕ ಹೀಗೆ ಸೂರ್ಯನ 2.08 ಪಟ್ಟು ಎಂದು ಮೊದಲೇ ಗೊತ್ತಿತ್ತು. 2021ರಲ್ಲಿ ನೈಸರ್ ತಂಡಗಳು ಅದರ ತ್ರಿಜ್ಯವನ್ನು ಅಳೆದಾಗ ಒಂದಕ್ಕೆ 12.4, ಇನ್ನೊಂದಕ್ಕೆ 13.7 ಕಿಲೋಮೀಟರ್ ಬಂತು. ಜೆ0030ಕ್ಕಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು ಭಾರ, ಗಾತ್ರ ಮಾತ್ರ ಹೆಚ್ಚು ಕಡಿಮೆ ಅಷ್ಟೇ! ಮೇಲೆ ಇನ್ನಷ್ಟು ಹೇರಿದರೂ ಒಳಗಿನ ದ್ರವ್ಯ ಸುಲಭವಾಗಿ ಬಗ್ಗುವುದಿಲ್ಲ ಎಂದಾಯಿತು. ಭಾರ ಹೆಚ್ಚಾದರೆ ನಡುಭಾಗ ಮೆತ್ತಗಾಗಿ ನಕ್ಷತ್ರ ಕುಗ್ಗುತ್ತದೆ ಎಂದಿದ್ದ ಹಲವು ಸಿದ್ಧಾಂತಗಳಿಗೆ ಇದರಿಂದ ಪೆಟ್ಟು ಬಿತ್ತು. 2024ರಲ್ಲಿ ಜೆ0437-4715ರ ಸರದಿ. ಸುಮಾರು 510 ಜ್ಯೋತಿರ್ವರ್ಷ ದೂರ, ಈ ಬಗೆಯ ಪಲ್ಸಾರ್‌ಗಳಲ್ಲೇ ನಮಗೆ ತೀರ ಹತ್ತಿರದ್ದು. ತೂಕ 1.42 ಪಟ್ಟು, ತ್ರಿಜ್ಯ 11.4 ಕಿಲೋಮೀಟರ್ ಆಸುಪಾಸು. ಇದು ದ್ರವ್ಯ ಅಷ್ಟೊಂದು ಗಡುಸಲ್ಲ ಎನ್ನುವ ಕಡೆಗೆ ವಾಲುತ್ತದೆ. ಎರಡು ಸಾಕ್ಷಿಗಳ ನಡುವೆ ದಾರಿ ಹುಡುಕುವ ಕೆಲಸ ನಡೆದಿದೆ.

ಹೊರಮೈಯನ್ನು ಓದುವ ಇನ್ನೊಂದು ಬಗೆ ಧ್ರುವೀಕರಣ, ಎಂದರೆ ಕ್ಷ-ಕಿರಣದ ಅಲೆ ಯಾವ ದಿಕ್ಕಿಗೆ ತುಯ್ಯುತ್ತದೆ ಎಂದು ನೋಡುವುದು. 2021ರ ಡಿಸೆಂಬರ್‌ನಲ್ಲಿ ಏರಿದ ಐಎಕ್ಸ್‌ಪಿಇ ಉಪಗ್ರಹ ಹರ್ಕ್ಯುಲಿಸ್ ಎಕ್ಸ್-1 ಎಂಬ ನ್ಯೂಟ್ರಾನ್ ನಕ್ಷತ್ರವನ್ನು ನೋಡಿದಾಗ, ಧ್ರುವೀಕರಣ ಬಹಳ ಹೆಚ್ಚಿರುತ್ತದೆಂದು ಸಿದ್ಧಾಂತಿಗಳು ಕಾದಿದ್ದರು. ಸಿಕ್ಕಿದ್ದು ಶೇಕಡಾ ಹತ್ತಕ್ಕಿಂತ ಕಡಿಮೆ. ಅನಿಲ ಬೀಳುವ ಧ್ರುವದ ಬಳಿ ಮೈಯ ರಚನೆ ಅಂದುಕೊಂಡಂತಿಲ್ಲ. 2024ರ ಜನವರಿ 1ರಂದು ಶ್ರೀಹರಿಕೋಟದಿಂದ ಹೊರಟ ನಮ್ಮ ಎಕ್ಸ್‌ಪೋಸ್ಯಾಟ್ ಐಎಕ್ಸ್‌ಪಿಇ ಮುಟ್ಟಲಾರದ ಹೆಚ್ಚಿನ ಶಕ್ತಿಯ ಕಿರಣಗಳಲ್ಲಿ ಇದೇ ಪ್ರಶ್ನೆ ಕೇಳುತ್ತದೆ. ಅದರ ಮುಖ್ಯ ಉಪಕರಣ ಪೋಲಿಕ್ಸ್ ಅನ್ನು ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಮುದಿ ಪಲ್ಸಾರ್ ಮತ್ತೆ ಹೇಗೆ ಚುರುಕಾಗುತ್ತದೆಂದು 1982ರಲ್ಲಿ ಬರೆದದ್ದು ಇದೇ ಸಂಸ್ಥೆಯಿಂದ. ಒಂದು ಊರಿನಲ್ಲಿ ಒಂದು ಪ್ರಶ್ನೆ ನಲವತ್ತು ವರ್ಷ ಬಾಳುವುದು ಸಣ್ಣ ಮಾತಲ್ಲ. ಪೋಲಿಕ್ಸ್ ಮೊದಲು ಕಣ್ಣಿಟ್ಟದ್ದು ಕ್ರ್ಯಾಬ್ ಪಲ್ಸಾರ್ ಮೇಲೆ. ಸೆಕೆಂಡಿಗೆ ಮೂವತ್ತು ಸಲ ಮಿಡಿಯುವ ಅದು 1054ರಲ್ಲಿ ಹಗಲಲ್ಲೂ ಕಂಡಿತ್ತೆಂದು ಚೀನಾದ ವೀಕ್ಷಕರು ಬರೆದಿಟ್ಟ ಸ್ಫೋಟದ ಉಳಿಕೆ.

ಜೆ0030ರ ಕಥೆ 2019ಕ್ಕೆ ಮುಗಿಯಲಿಲ್ಲ. ಆಮ್‌ಸ್ಟರ್‌ಡ್ಯಾಮ್ ತಂಡದವರೇ ಅವೇ ಫೋಟಾನ್‌ಗಳನ್ನು ಮತ್ತೆ ಕೈಗೆತ್ತಿಕೊಂಡರು. ಉಪಕರಣದ ಗುಣವನ್ನು ಇನ್ನೂ ಚೆನ್ನಾಗಿ ತಿಳಿದುಕೊಂಡು, ಅಕ್ಕಪಕ್ಕದಿಂದ ಸೇರಿಕೊಂಡ ಬೆಳಕನ್ನು ಇನ್ನೊಂದು ದೂರದರ್ಶಕದ ದಾಖಲೆಯಿಂದ ತೂಗಿ, ಮಚ್ಚೆಗಳ ಆಕಾರಕ್ಕೆ ಹೆಚ್ಚು ಸ್ವಾತಂತ್ರ್ಯ ಕೊಟ್ಟು ಲೆಕ್ಕ ಹಾಕಿದರು. 2024ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಒಂದು ಉತ್ತರದ ಬದಲು ಎರಡು ಬಂದವು: ಒಂದರಲ್ಲಿ ತ್ರಿಜ್ಯ 12 ಕಿಲೋಮೀಟರ್‌ಗಿಂತ ಸ್ವಲ್ಪ ಕಡಿಮೆ, ಇನ್ನೊಂದರಲ್ಲಿ 14 ದಾಟಿದೆ. ಐದು ವರ್ಷದ ಹಿಂದಿನ ತಮ್ಮ ಉತ್ತರ ಅಂದುಕೊಂಡಷ್ಟು ಖಚಿತವಾಗಿರಲಿಲ್ಲ ಎಂದು ತಾವೇ ತೋರಿಸಿಕೊಟ್ಟರು. ಒಂಟಿ ನಕ್ಷತ್ರದ ತೂಕ ತಿಳಿಯದ ತೊಡಕು ಅಲ್ಲಿ ಎದ್ದು ಕಾಣುತ್ತದೆ. ಇದನ್ನು ಹಿನ್ನಡೆ ಎಂದು ನಾನು ಕರೆಯಲಾರೆ. ನಕ್ಷತ್ರ ಕೊಟ್ಟದ್ದು ಅಷ್ಟೇ ಫೋಟಾನ್, ಅವು ಹೇಳಿದ್ದನ್ನು ಮೊದಲ ಸಲಕ್ಕಿಂತ ಎಚ್ಚರದಿಂದ ಕೇಳಿಸಿಕೊಂಡಿದ್ದಾರೆ. ಕೇಂದ್ರದಲ್ಲಿ ನ್ಯೂಟ್ರಾನ್ ಉಳಿದಿದೆಯೋ ಕ್ವಾರ್ಕ್ ಆಗಿದೆಯೋ ಎಂದು ಬೇರ್ಪಡಿಸಿ ಹೇಳಲು ತ್ರಿಜ್ಯವನ್ನು ಈಗಿನ ಒಂದು ಕಿಲೋಮೀಟರ್ ಅನಿಶ್ಚಯಕ್ಕಿಂತ ಬಹಳ ಬಿಗಿಯಾಗಿ ಅಳೆಯಬೇಕು, ಒಂದೆರಡಲ್ಲ, ಬೇರೆ ಬೇರೆ ತೂಕದ ಹಲವು ನಕ್ಷತ್ರಗಳಲ್ಲಿ ಅಳೆಯಬೇಕು. 2023ರ ಮೇ ತಿಂಗಳಲ್ಲಿ ನೈಸರ್‌ನ ತೆಳುವಾದ ಪರದೆಗಳು ಹರಿದು ಸೂರ್ಯನ ಬೆಳಕು ಒಳನುಗ್ಗತೊಡಗಿತ್ತು, ಹಗಲಿನ ವೀಕ್ಷಣೆಗೆ ತೊಂದರೆಯಾಗಿತ್ತು. 2025ರ ಜನವರಿ 16ರಂದು ಗಗನಯಾತ್ರಿ ನಿಕ್ ಹೇಗ್ ನಿಲ್ದಾಣದ ಹೊರಗೆ ನಡೆದು ಹೋಗಿ ಆ ಹರುಕಿಗೆ ಕೈಯಾರೆ ತೇಪೆ ಹಾಕಿದರು. ನೈಸರ್ ಈವರೆಗೆ ದಾಖಲಿಸಿದ ಫೋಟಾನ್‌ಗಳ ಪಟ್ಟಿ, ಪ್ರತಿಯೊಂದರ ಕ್ಷಣ ಮತ್ತು ಶಕ್ತಿಯ ಸಮೇತ, ಯಾರು ಬೇಕಾದರೂ ತೆರೆದು ಲೆಕ್ಕ ಹಾಕುವಂತೆ ಸಾರ್ವಜನಿಕ ಭಂಡಾರದಲ್ಲಿದೆ.